ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಶುಭಾಶಯ ಕಾರ್ಡು ಚೆನ್ನಾಗಿ ಬರುತ್ತದಾ?

ದೀಪಾವಳಿಗೆ ಅಂತ ಮನೆಯಲ್ಲೇ ಕಾರ್ಡು ಪ್ರಿಂಟ್ ಮಾಡಿ ನೋಡಿದಿರಿ, ಬಣ್ಣ ಮಂಕಾಯಿತು, ಮಡಚಿದ ಜಾಗದಲ್ಲಿ ಬಿರುಕು ಬಿಟ್ಟಿತು, ಇದಕ್ಕಿಂತ ಅಂಗಡಿಯದ್ದೇ ವಾಸಿಯಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನೀವು ಹೇಳಿದ ಎರಡು ತೊಂದರೆಯೂ ಕಾಗದದ್ದು. ಪ್ರಿಂಟರ್ ಬದಲಾಯಿಸುವ ಅಗತ್ಯ ಇಲ್ಲ.

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ನಮ್ಮ ಕಡೆ ಅಂಗಡಿಗೆ ಹೋದರೆ ಇಂಗ್ಲಿಷ್ ಕಾರ್ಡು ಸಿಗುತ್ತದೆ, ಮಲಯಾಳಂ ಕಾರ್ಡು ಸಿಗುತ್ತದೆ. ಕನ್ನಡದ್ದು ಉಂಟಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಅದಕ್ಕೇ ಬಿಸುವಿಗೂ (ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷ) ದೀಪಾವಳಿಗೂ ನಾನೇ ಮಾಡಲು ಶುರು ಮಾಡಿದೆ. ಹಬ್ಬಕ್ಕೆ 30 ಕಾರ್ಡು. ಬಾಟಲಿಯಿಂದ ಶಾಯಿ ತುಂಬುವ ಸಾಮಾನ್ಯ ಟ್ಯಾಂಕ್ ಪ್ರಿಂಟರ್, ಅಷ್ಟೇ.

ಮೊದಲು ಬಣ್ಣದ ವಿಷಯ. ಜೆರಾಕ್ಸ್ ಕಾಗದ 70 ಅಥವಾ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರುತ್ತದೆ. ಅದರ ಮೇಲೆ ಶಾಯಿ ಬಿದ್ದರೆ ನಾರಿನೊಳಗೆ ಇಳಿದು ಹರಡುತ್ತದೆ. ಅದಕ್ಕೇ ಕೆಂಪು ಇಟ್ಟಿಗೆಯ ಹಾಗೆ ಕಾಣುವುದು. ಇಂಕ್‌ಜೆಟ್‌ಗೆಂದೇ ಮಾಡಿದ ಮ್ಯಾಟ್ ಕಾಗದಕ್ಕೆ ಮೇಲೊಂದು ಲೇಪ ಇರುತ್ತದೆ, ಶಾಯಿ ಅಲ್ಲೇ ನಿಲ್ಲುತ್ತದೆ. 180ರಿಂದ 220 ಜಿಎಸ್‌ಎಂ ತನಕದ್ದು ತೆಗೆದುಕೊಳ್ಳಿ. ಒಂದೇ ಬದಿಗೆ ಲೇಪ ಇರುವುದಾದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಯಾವ ಬದಿ ಅಂತ ಗೊತ್ತಾಗದಿದ್ದರೆ ಒದ್ದೆ ಬೆರಳನ್ನು ಮೂಲೆಗೆ ತಾಗಿಸಿ. ಸ್ವಲ್ಪ ಅಂಟಿದ ಹಾಗಾದರೆ ಅದೇ ಪ್ರಿಂಟಿನ ಬದಿ. ಪ್ರಿಂಟ್ ಕೊಡುವಾಗ ಕಾಗದದ ಬಗೆ ಕೇಳುವಲ್ಲಿ ಮ್ಯಾಟ್ ಅಂತ ಆರಿಸಿ. ಇದನ್ನು ಮರೆತರೆ ಒಳ್ಳೆಯ ಕಾಗದ ಹಾಕಿಯೂ ಬಣ್ಣ ಮಂಕೇ.

ಇನ್ನು ಬಿರುಕು. ಇದು ನನಗೆ ತಿಳಿಯಲು ಎರಡು ಹಬ್ಬ ಬೇಕಾಯಿತು. ಕಾಗದಕ್ಕೆ ಮರದ ಹಾಗೆ ನಾರಿನ ದಿಕ್ಕು ಇರುತ್ತದೆ. ನಾರಿನ ಉದ್ದಕ್ಕೆ ಮಡಚಿದರೆ ಸಲೀಸು, ಅಡ್ಡಕ್ಕೆ ಮಡಚಿದರೆ ಒಡೆಯುತ್ತದೆ. ಹಾಳೆಯನ್ನು ಕೈಯಲ್ಲಿ ಹಿಡಿದು ಎರಡೂ ಕಡೆಗೆ ಮೆಲ್ಲ ಬಗ್ಗಿಸಿ ನೋಡಿ. ಎಲ್ಲಿ ಸುಲಭವಾಗಿ ಬಗ್ಗುತ್ತದೋ ಆ ಮಡಿಕೆಯೇ ನಾರಿನ ದಿಕ್ಕು. ಎ4 ಹಾಳೆಗಳಲ್ಲಿ ಹೆಚ್ಚಿನವಕ್ಕೆ ನಾರು ಉದ್ದಕ್ಕೆ, ಅಂದರೆ 297 ಮಿ.ಮೀ. ಬದಿಗೆ ಸಮವಾಗಿ ಇರುತ್ತದೆ. ನೀವು ಇಡೀ ಎ4 ಹಾಳೆಯನ್ನು ನಡುವೆ ಮಡಚಿದಿರಿ ಅಲ್ವಾ? ಅದು ನಾರಿಗೆ ಅಡ್ಡ. ಅದರ ಬದಲು ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ ಎರಡು ಮಾಡಿ. ಪ್ರತಿ ತುಂಡು 148 ಮಿ.ಮೀ. ಎತ್ತರ, 210 ಅಗಲ. ಆ ಅಗಲವನ್ನು ನಡುವೆ ಮಡಚಿ. ಈಗ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ. ಒಂದು ಹಾಳೆಗೆ ಎರಡು ಕಾರ್ಡೂ ಆಯಿತು.

ಮಡಚುವ ಮೊದಲು ಸ್ಟೀಲ್ ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಹೊರಬದಿಯಿಂದ ಒಂದು ಗೆರೆ ಒತ್ತಿ. ಗೆರೆಯ ಉಬ್ಬು ಕಾರ್ಡಿನ ಒಳಗೆ ಬರಬೇಕು. ಪ್ರಿಂಟ್ ಆದ ಕೂಡಲೇ ಒತ್ತಬೇಡಿ, ಒಂದು ರಾತ್ರಿ ಒಣಗಲಿ.

ಪುಟ ಜೋಡಿಸುವುದು ಕಷ್ಟ ಇಲ್ಲ. ಪ್ರತಿ ತುಂಡಿನ ಬಲ ಅರ್ಧಕ್ಕೆ ಚಿತ್ರ, ಎಡ ಅರ್ಧ ಖಾಲಿ. ಮಡಚಿದಾಗ ಬಲದ್ದು ಮುಂದೆ ಬರುತ್ತದೆ. ಚಿತ್ರ 1240 ಅಡ್ಡ, 1748 ಎತ್ತರ ಪಿಕ್ಸೆಲ್ ಇದ್ದರೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಆಗುತ್ತದೆ, ಅಷ್ಟು ಸಾಕು. ವಾಟ್ಸಾಪಿನಲ್ಲಿ ಫೋಟೋ ತರಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಸುತ್ತ 5 ಮಿ.ಮೀ. ಬಿಳಿ ಅಂಚು ಬಿಡಿ. ಪ್ರಿಂಟ್ ಕೊಡುವಾಗ ಅಳತೆ (ಸ್ಕೇಲ್) 100 ಶೇಕಡಾ ಇರಲಿ. ದಪ್ಪ ಕಾಗದವನ್ನು ಹಿಂದಿನ ಟ್ರೇಯಿಂದ ಒಂದೊಂದೇ ಹಾಕಿ. ಮುಂದಿನ ಟ್ರೇಯಲ್ಲಿ ಹಾಳೆ ಪೂರ್ತಿ ತಿರುಗಿ ಬರಬೇಕು, ಸಿಕ್ಕಿಕೊಳ್ಳುತ್ತದೆ.

ಅಕ್ಷರದ ಬಗ್ಗೆ ನನಗೆ ತುಂಬ ಹೇಳಲಿಕ್ಕಿದೆ. ಕಾರ್ಡಿನಲ್ಲಿ ಎಲ್ಲರೂ ಮೊದಲು ನೋಡುವುದು ಅದನ್ನೇ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲೇ ಬರೆಯಿರಿ. ಯುನಿಕೋಡ್ ಆದರೂ ಕೆಲವು ಚಿತ್ರದ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಮುರಿಯುತ್ತದೆ. "ಹಾರ್ದಿಕ" ಅಂತ ಬರೆದು ನೋಡಿ. ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತರೆ ಧೈರ್ಯವಾಗಿ ಮುಂದುವರಿಯಿರಿ. ನಾನು ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರ್ ಬಳಸುತ್ತೇನೆ, ಅದರಲ್ಲಿ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ದುಡ್ಡು ಕೊಡಬೇಕಾಗಿಲ್ಲ. ಕೊನೆಗೆ ಪಿಡಿಎಫ್ ಮಾಡಿ ಪ್ರಿಂಟ್ ಕೊಡಿ.

ಆದರೆ ಕಳೆದ ಬಿಸುವಿಗೆ ನಾನು ಫಾಂಟನ್ನೇ ಬಿಟ್ಟೆ. ಅಮ್ಮನ ಕೈಯಲ್ಲಿ ಬರೆಸಿದೆ. ಬಿಳಿ ಹಾಳೆ, ಕಪ್ಪು ಶಾಯಿಪೆನ್ನು. ಊಟದ ಮೇಜಿನ ಮೇಲೆ ಕೂತು "ಬಿಸು ಹಬ್ಬದ ಶುಭಾಶಯಗಳು" ಅಂತ ಐದು ಸಲ ಬರೆದರು. ಶಯ ಅನ್ನುವಲ್ಲಿ ಅವರ ತಲೆಕಟ್ಟು ಸ್ವಲ್ಪ ಮೇಲಕ್ಕೆ ಓಡುತ್ತದೆ, ಅದು ಅವರಿಗೆ ಇಷ್ಟವಿಲ್ಲ. ನನಗೆ ಅದೇ ಬೇಕಿತ್ತು. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಹಿನ್ನೆಲೆಯನ್ನು ಪೂರ್ತಿ ಬಿಳಿ ಮಾಡಿ, ಕಣಿಯ (ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಜೋಡಿಸಿಡುವ ಹಣ್ಣು, ಹೂವು) ಚಿತ್ರದ ಕೆಳಗೆ ಇಟ್ಟೆ. ಮುಂಬಯಿಯಲ್ಲಿರುವ ಚಿಕ್ಕಮ್ಮ ಕಾರ್ಡು ಸಿಕ್ಕಿದ ದಿನವೇ ಫೋನ್ ಮಾಡಿದರು. "ಇದು ಅಕ್ಕನ ಅಕ್ಷರ ಅಲ್ವಾ?" ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ನಿಮ್ಮ ಮನೆಯಲ್ಲೂ ಒಳ್ಳೆಯ ಕೈಬರಹದ ಹಿರಿಯರು ಇದ್ದರೆ ಈ ದೀಪಾವಳಿಗೇ ಬರೆಸಿ.

ಒಳಬದಿಗೆ ಲೇಪ ಬೇಡ ಅಂದೆನಲ್ಲ, ಅದು ಇದಕ್ಕೇ. ಒಳಗೆ ಪ್ರಿಂಟ್ ಮಾಡದೆ ಪೆನ್ನಿನಲ್ಲಿ ನಾಲ್ಕು ಸಾಲು ಬರೆಯಿರಿ. ಲೇಪದ ಮೇಲೆ ಪೆನ್ನಿನ ಶಾಯಿ ಬೇಗ ಒಣಗದೆ ಒರೆಸಿಹೋಗಬಹುದು, ಬರಿ ಕಾಗದದ ಮೇಲೆ ಚೆನ್ನಾಗಿ ಕೂರುತ್ತದೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಗಾಳಿಯ ತೇವಕ್ಕೆ ಕಾಗದ ಸುರುಳುತ್ತದೆ, ಪ್ರಿಂಟರಿನಲ್ಲಿ ಓರೆಯಾಗಿ ಹೋಗುತ್ತದೆ. ಹಲಸಿನ ಹಪ್ಪಳ ಇಡುವಂಥ ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ನಾನು ಕಾಗದದ ಕಟ್ಟು ಇಡುತ್ತೇನೆ, ಮಳೆಗಾಲದಲ್ಲೂ ನೇರವಾಗಿ ಉಳಿಯುತ್ತದೆ. ವಾರಕ್ಕೊಮ್ಮೆ ಒಂದು ಬಣ್ಣದ ಪುಟ ಪ್ರಿಂಟ್ ಮಾಡಿ, ಇಲ್ಲದಿದ್ದರೆ ಹಬ್ಬದ ಹೊತ್ತಿಗೆ ಶಾಯಿಯ ರಂಧ್ರ ಕಟ್ಟಿರುತ್ತದೆ.

ಅಂಚೆಗೆ ಹಾಕುವಾಗ 114ಕ್ಕೆ 162 ಮಿ.ಮೀ. ಅಳತೆಯ ಸಿ6 ಲಕೋಟೆ ಕೇಳಿ, ಈ ಕಾರ್ಡು ಸರಿಯಾಗಿ ಕೂರುತ್ತದೆ. ಟ್ಯಾಂಕ್ ಪ್ರಿಂಟರ್‌ಗಳ ಬಣ್ಣದ ಶಾಯಿ ಹೆಚ್ಚಾಗಿ ನೀರಿಗೆ ಕರಗುವಂಥದ್ದು. ವಿಳಾಸವನ್ನು ಪ್ರಿಂಟ್ ಮಾಡಬೇಡಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ. ದೀಪಾವಳಿ ಹೊತ್ತಿನ ತುಲಾ ತಿಂಗಳ ಮಳೆಗೆ ಲಕೋಟೆ ನೆನೆದರೂ ಪಿನ್‌ಕೋಡ್ ಅಳಿಸುವುದಿಲ್ಲ.