ಇಮೊಬಿಲೈಜರ್ ಇರುವ ಕಾರಿಗೆ ರಿಮೋಟ್ ಸ್ಟಾರ್ಟ್

ಚಿಕ್ಕಮಗಳೂರಿನ ಚಳಿಗೆ ರಿಮೋಟ್ ಸ್ಟಾರ್ಟರ್ ಹಾಕಿಸಿದೆ, ಇಂಜಿನ್ ಎರಡು ಸೆಕೆಂಡ್ ಓಡಿ ನಿಂತುಬಿಡುತ್ತದೆ, ಕಿಟ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕಿಟ್ ಸರಿಯಾಗೇ ಇರಬಹುದು. ಇದು ಇಮೊಬಿಲೈಜರ್, ಅಂದರೆ ಸರಿಯಾದ ಕೀಲಿ ಇಲ್ಲದೆ ಇಂಜಿನ್ ಓಡಲು ಬಿಡದ ಕಳ್ಳತನ-ತಡೆ ವ್ಯವಸ್ಥೆ, ತಡೆಯುವ ಲಕ್ಷಣ.

ನಿಮ್ಮ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇದೆ. ಅದಕ್ಕೆ ಬ್ಯಾಟರಿ ಬೇಡ. ಕೀಲಿ ತೂತಿನ ಸುತ್ತ ಬಳೆಯಂತೆ ಸುತ್ತಿದ ತಂತಿಯೇ ಅದನ್ನು ಎಬ್ಬಿಸಿ ಕೋಡ್ ಓದುತ್ತದೆ. ರಿಮೋಟ್ ಒತ್ತಿದಾಗ ಅಲ್ಲಿ ಕೀಲಿ ಇರಲ್ಲ, ಕೋಡ್ ಸಿಗಲ್ಲ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜಿನ್ ನಿಲ್ಲಿಸುತ್ತದೆ.

ಕೆಲವರು ಸ್ಪೇರ್ ಕೀಲಿಯನ್ನು ಆ ಬಳೆಗೇ ಟೇಪ್ ಸುತ್ತಿ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಕಳ್ಳನಿಗೆ ಬಾಗಿಲು ತೆರೆದಿಟ್ಟ ಹಾಗೆ. ನಿಮ್ಮ ಮಾಡೆಲ್‌ಗೆ ಹೊಂದುವ ಬೈಪಾಸ್ ಮಾಡ್ಯೂಲ್ ಕೇಳಿ. ಅದು ರಿಮೋಟ್ ಒತ್ತಿದಾಗ ಮಾತ್ರ ಕೋಡ್ ಕೊಡುತ್ತದೆ. ವೈರ್ ಕತ್ತರಿಸಿದರೆ ವಾರಂಟಿ ತಕರಾರು ಬರಬಹುದು, ಮೊದಲೇ ವಿಚಾರಿಸಿ.

ನನಗೆ ಜಾಸ್ತಿ ಭಯ ಗೇರಿನದು. ನಮ್ಮ ಇಳಿಜಾರಲ್ಲಿ ಫಸ್ಟ್ ಗೇರಿಗೆ ಹಾಕಿ ನಿಲ್ಲಿಸೋದು ರೂಢಿ ಅಲ್ವಾ? ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಕ್ಲಚ್ ಸ್ವಿಚ್ ಬೈಪಾಸ್ ಮಾಡಿದ ಕಾರು ಹಾಗೇ ಸ್ಟಾರ್ಟ್ ಆದರೆ ಮುಂದಕ್ಕೆ ಜಿಗಿಯುತ್ತದೆ. ಅಂಗಳದಲ್ಲಿ ಮಕ್ಕಳಿದ್ದರೆ? ನಿಮ್ಮದು ಮ್ಯಾನ್ಯುಯಲ್ ಆಗಿದ್ದರೆ, ನ್ಯೂಟ್ರಲ್ ಖಚಿತಪಡಿಸುವ ವ್ಯವಸ್ಥೆ ಇಲ್ಲದ ಕಿಟ್ ತೆಗೆಸಿಬಿಡಿ. ಮುಚ್ಚಿದ ಶೆಡ್ಡಿನಲ್ಲಂತೂ ರಿಮೋಟ್ ಒತ್ತಲೇಬೇಡಿ, ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇರಲ್ಲ.