ಅದು ಉಷ್ಣದ ಬೊಕ್ಕೆಯೇ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 34 ವರ್ಷ, ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವಳು. ಯುಗಾದಿ ಹೊತ್ತಿಗೆ ಎರಡು ದಿನ ಜ್ವರ, ಮೈಕೈ ನೋವು ಬಂದು, ಆಮೇಲೆ ಗುಪ್ತಾಂಗದ ಹತ್ತಿರ ಸಣ್ಣ ಬೊಕ್ಕೆಗಳೆದ್ದು, ಒಡೆದು ಹುಣ್ಣಾದವು. ಮೂತ್ರಕ್ಕೆ ಹೋದರೆ ಜೀವ ಹೋದಂತಾಗುತ್ತಿತ್ತು. ಬಿಸಿಲಿನ ಉಷ್ಣವೆಂದು ಅತ್ತೆಯವರು ಮಜ್ಜಿಗೆ, ಸಬ್ಜಾ ಬೀಜದ ನೀರು ಕೊಟ್ಟರು. ಮೂರು ವಾರಕ್ಕೆ ಮಾಯಿತು. ಅಲ್ಲಿಂದೀಚೆಗೆ ಅದೇ ಜಾಗದಲ್ಲಿ ಎರಡು ಸಲ ಬಂದಿದೆ, ಆದರೆ ಅಷ್ಟು ನೋವಿಲ್ಲ. ಪರಿಚಯದ ನರ್ಸ್ ಒಬ್ಬರು ಹರ್ಪಿಸ್ ಇರಬಹುದು ಎಂದರು. ಹರ್ಪಿಸ್ ಎಂದರೆ ಸರ್ಪಸುತ್ತಲ್ಲವೇ? ನಮ್ಮ ಮನೆಯವರಿಗೆ ಏನೂ ಇಲ್ಲ, ಹಾಗಾದರೆ ನನಗೆಲ್ಲಿಂದ ಬಂತು?

ಉತ್ತರ: ಸರ್ಪಸುತ್ತಿಗೂ ವೈದ್ಯರು ಹರ್ಪಿಸ್ ಎಂಬ ಹೆಸರನ್ನೇ ಬಳಸುವುದರಿಂದ ಈ ಗೊಂದಲ ಸಹಜ. ಎರಡೂ ಒಂದೇ ಕುಟುಂಬದ ವೈರಸ್‌ಗಳಾದರೂ, ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತದೆ, ಸಾಮಾನ್ಯವಾಗಿ ಮತ್ತೆ ಮತ್ತೆ ಬರುವುದಿಲ್ಲ. ನೀವು ವಿವರಿಸಿದ್ದು ಲೈಂಗಿಕ ಸಂಪರ್ಕದಿಂದ ಹರಡುವ ಜನನಾಂಗದ ಹರ್ಪಿಸ್‌ಗೆ ಹೆಚ್ಚು ಹೊಂದುತ್ತದೆ. ಆದರೆ ಕಣ್ಣಾರೆ ನೋಡದೆ ನಾನು ಅದನ್ನು ಖಚಿತಪಡಿಸಲಾರೆ.

ಮೊದಲ ಸಲ ಬಂದಾಗ ಜ್ವರ, ತೊಡೆಸಂದಿಯಲ್ಲಿ ಗಂಟು, ಗೊಂಚಲಾಗಿ ಏಳುವ ನೀರುಗುಳ್ಳೆಗಳು, ಅವು ಒಡೆದು ಉಳಿಯುವ ಮೇಲ್ಮಟ್ಟದ ಹುಣ್ಣು, ಕೊನೆಗೆ ಹಕ್ಕಳೆ, ಇಷ್ಟೆಲ್ಲ ಮುಗಿಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮುಂದಿನ ಸಲಗಳಲ್ಲಿ ಒಂದೆರಡು ದಿನ ಮೊದಲೇ ಆ ಜಾಗ ಜುಮ್ಮೆನ್ನುತ್ತದೆ ಅಥವಾ ಉರಿಯುತ್ತದೆ, ಕೆಲವರಿಗೆ ತೊಡೆ, ಪೃಷ್ಠದ ಕಡೆಗೂ ಸೆಳೆತ ಬರುತ್ತದೆ. ಆಮೇಲೆ ನಾಲ್ಕೈದು ಗುಳ್ಳೆಗಳು, ಇಲ್ಲವೇ ಚರ್ಮದ ಮೇಲೆ ಗೀರಿದಂತಹ ಒಂದು ಸಣ್ಣ ಬಿರುಕು ಮಾತ್ರ ಕಾಣುತ್ತದೆ. ಹೆಂಗಸರಲ್ಲಿ ಇದು ತಪ್ಪಿಹೋಗುವುದು ಇಲ್ಲಿಯೇ: ಪ್ಯಾಡಿನ ತಿಕ್ಕಾಟ, ರೇಜರ್ ತಾಗಿದ್ದು, ಬೇಸಿಗೆಯ ಬೆವರು ಎಂದು ಸುಮ್ಮನಾಗುತ್ತಾರೆ. ಹುಣ್ಣು ಗರ್ಭಕಂಠದಲ್ಲಿದ್ದರಂತೂ ಕಾಣುವುದೇ ಇಲ್ಲ.

ಉರಿ ಎಲ್ಲಿದೆ ಎಂದು ಗಮನಿಸಿ. ಮೂತ್ರಕೋಶದ ಸೋಂಕಿನಲ್ಲಿ ಉರಿ ಒಳಗಿನಿಂದ ಬರುತ್ತದೆ, ಮತ್ತೆ ಮತ್ತೆ ಹೋಗಬೇಕೆನಿಸುತ್ತದೆ. ಹರ್ಪಿಸ್‌ನಲ್ಲಿ ಮೂತ್ರ ಹೊರಗಿನ ಹುಣ್ಣಿಗೆ ತಾಗಿದಾಗ ಚುರ್ ಎನ್ನುತ್ತದೆ. ಫಂಗಸ್ ಸೋಂಕಾದರೆ ತುರಿಕೆಯೇ ಮುಂದಾಗಿ, ಮೊಸರಿನ ಗಡ್ಡೆಯಂತಹ ಬಿಳುಪು ಹೋಗುತ್ತದೆ. ನೋವಿಲ್ಲದ, ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ರೋಗದ್ದೂ ಆಗಿರಬಹುದು, ಹಾಗಾಗಿ ಅದಕ್ಕೂ ಎಚ್‌ಐವಿಗೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಮುಂದಿನ ಸಲ ಗುಳ್ಳೆ ಎದ್ದ ಕೂಡಲೇ, ಆದಷ್ಟೂ 48 ಗಂಟೆಯೊಳಗೆ, ತೋರಿಸಿಕೊಳ್ಳಿ. ಹಸಿ ಹುಣ್ಣಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು, ವೈರಸ್ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿದರೆ ಉತ್ತರ ಸಿಗುತ್ತದೆ, ಹಕ್ಕಳೆಗಟ್ಟಿದ ಮೇಲೆ ಸಿಗುವ ಸಾಧ್ಯತೆ ಕಡಿಮೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂತಹ ಲೈಂಗಿಕ ಸೋಂಕುಗಳಿಗಾಗಿಯೇ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವಿರುತ್ತದೆ, ಅಲ್ಲಿ ಔಷಧಿ ಉಚಿತ. ಹೋಗಲು ಸಂಕೋಚವಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮಾತ್ರ ಹಚ್ಚಬೇಡಿ. ಗಾಯ ಮಾಯುವ ಬದಲು ಹರಡೀತು. ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆಯನ್ನು ಜುಮ್ಮೆನ್ನುವಾಗಲೇ ಶುರುಮಾಡಿದರೆ ಅದರ ಫಲ ಹೆಚ್ಚು, ಆದರೆ ನರದ ಬುಡದಲ್ಲಿ ಅಡಗಿ ಕುಳಿತ ವೈರಸ್ಸನ್ನು ಅದು ಹೊರಹಾಕುವುದಿಲ್ಲ. ಮೂತ್ರ ಮಾಡುವಾಗ ತಂಬಿಗೆಯಿಂದ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಉರಿ ಇಳಿಯುತ್ತದೆ. ಅತ್ತೆಯವರ ಮಜ್ಜಿಗೆಯಿಂದ ತೊಂದರೆಯೇನಿಲ್ಲ, ಕುಡಿಯಿರಿ. ಗರ್ಭ ನಿಂತರೆ ಈ ಸಂಗತಿಯನ್ನು ಹೆರಿಗೆ ವೈದ್ಯರಿಗೆ ಮೊದಲೇ ತಿಳಿಸಿ, ಏಕೆಂದರೆ ಹೆರಿಗೆ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಬೇಕಾಗಬಹುದು.

ನಿಮ್ಮ ಕೊನೆಯ ಪ್ರಶ್ನೆಯೇ ನಿಮ್ಮನ್ನು ಹೆಚ್ಚು ಕಾಡಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 15ರಿಂದ 49 ವಯಸ್ಸಿನ 84.6 ಕೋಟಿ ಜನರಿಗೆ ಜನನಾಂಗದ ಹರ್ಪಿಸ್ ಇದೆ, ಅವರಲ್ಲಿ ಬಹುಪಾಲು ಜನರಿಗೆ ಅದರ ಅರಿವೇ ಇಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ತುಟಿಯ ಮೇಲೆ ಬೊಕ್ಕೆ ಬರಿಸುವ ವೈರಸ್ ಕೂಡ ಬಾಯಿಯ ಸಂಪರ್ಕದಿಂದ ಇಲ್ಲಿಗೆ ಹರಡಬಲ್ಲದು. ಆದ್ದರಿಂದ ಯುಗಾದಿಗೆ ಬೊಕ್ಕೆ ಎದ್ದಿತೆಂಬ ಒಂದೇ ಕಾರಣಕ್ಕೆ ಯಾರ ಮೇಲೂ ತಪ್ಪು ಹೊರಿಸಲಾಗದು, ನಿಮ್ಮ ಮೇಲೆ ನೀವೇ ಹೊರಿಸಿಕೊಳ್ಳುವುದೂ ಬೇಡ. ಹುಣ್ಣು ಪೂರ್ತಿ ಮಾಯುವವರೆಗೆ ಸಂಪರ್ಕ ಬೇಡ. ಆಮೇಲೂ ಕಾಂಡೋಮ್ ಬಳಸಿದರೆ ಹರಡುವ ಸಾಧ್ಯತೆ ತಗ್ಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ಮನೆಯವರನ್ನೂ ಜೊತೆಗೇ ಕರೆದುಕೊಂಡು ಹೋಗಿ, ಒಮ್ಮೆಗೇ ಇಬ್ಬರಿಗೂ ವೈದ್ಯರು ವಿವರಿಸಲಿ.