ಹಳೆಯ ಧಾರಾವಾಹಿಗೆ ಹೊಸ ಸ್ಪಷ್ಟತೆ

ಪ್ರಶ್ನೆ: ಹಿಂದೆ ಟಿವಿಯಲ್ಲಿ ಮಸುಕಾಗಿ ಕಾಣುತ್ತಿದ್ದ ನನ್ನ ಮೆಚ್ಚಿನ ಧಾರಾವಾಹಿಯು ಬ್ಲೂ-ರೇ ಡಿಸ್ಕ್‌ನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಹೇಗೆ? ಎಲ್ಲ ಹಳೆಯ ಧಾರಾವಾಹಿಗಳನ್ನೂ ಹೀಗೆ ಸುಧಾರಿಸಬಹುದೇ?

ಉತ್ತರ: ಅದು ಮೂಲ ಚಿತ್ರೀಕರಣವನ್ನು ಅವಲಂಬಿಸಿದೆ. 35 ಎಂಎಂ ಫಿಲ್ಮ್‌ನಲ್ಲಿ ಚಿತ್ರೀಕರಿಸಿದ್ದರೆ, ಅಂದಿನ ಟಿವಿ ತೋರಿಸಲಾಗದಿದ್ದ ಸೂಕ್ಷ್ಮ ವಿವರಗಳು ನೆಗೆಟಿವ್‌ನಲ್ಲಿ (ಕ್ಯಾಮೆರಾದಲ್ಲಿ ಚಿತ್ರ ಮೂಡಿದ ಮೂಲ ಫಿಲ್ಮ್) ಉಳಿದಿರುತ್ತವೆ. ಆದರೆ ವಿಡಿಯೊ ಟೇಪಿನಲ್ಲೇ ಚಿತ್ರೀಕರಿಸಿದ್ದರೆ, ಅದರಲ್ಲಿ ದಾಖಲಾಗದೇ ಹೋದ ವಿವರವನ್ನು ಯಾವ ಸ್ಕ್ಯಾನರ್ ಕೂಡ ಮರಳಿ ತರಲಾರದು. 1987ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿಯನ್ನು ಫಿಲ್ಮ್‌ನಲ್ಲಿ ಚಿತ್ರೀಕರಿಸಿ, ಸಂಕಲನವನ್ನು ಟೇಪಿನಲ್ಲಿ ಮುಗಿಸಿದ್ದರಿಂದ, 2012ರಿಂದ ಹೊರಬಂದ ಬ್ಲೂ-ರೇ ಆವೃತ್ತಿಗಾಗಿ ಮೂಲ ನೆಗೆಟಿವ್‌ಗಳನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಕಂತುಗಳನ್ನು ಮೊದಲಿನಿಂದ ಸಂಕಲಿಸಬೇಕಾಯಿತು. ಅಂಥ ತಾಳ್ಮೆಯ ಕೆಲಸ ನಿಜಕ್ಕೂ ಗೌರವಾರ್ಹ. ಆದರೆ ಹಳೆಯ ಟಿವಿಯ 4:3 ಅನುಪಾತದ (ಅಗಲ 4, ಎತ್ತರ 3) ಚಿತ್ರವನ್ನು ಅಗಲ ಪರದೆಗಾಗಿ ಮೇಲೆ ಕೆಳಗೆ ಕತ್ತರಿಸಿದ ಆವೃತ್ತಿಯನ್ನು ದಯವಿಟ್ಟು ಕೊಳ್ಳಬೇಡಿ.